ಕಲ್ಲಿನ ಹೆಣ್ಣಿನ ಸೊಂಟ

ಎರಡು ಸಾವಿರ ವರ್ಷ ಹಳೆಯದಾಗಿ ಕಾಣುವ ಶಿಲ್ಪವನ್ನು ಎರಡೇ ವಾರದಲ್ಲಿ, ಉಳಿ ಮುಟ್ಟದೆ, ಒಂದು ಚಿಟಿಕೆ ಧೂಳೂ ಎಬ್ಬಿಸದೆ ಕೆತ್ತಿ ನಿಲ್ಲಿಸುತ್ತೇನೆಂದು ನಾನು ಪಣ ತೊಟ್ಟಿದ್ದೆ! ಕೈಯಲ್ಲಿ ಮೌಸ್ ಇರುವವನಿಗೆ ಸುತ್ತಿಗೆಯ ಹಂಗೇಕೆ?

ವಸ್ತುಸಂಗ್ರಹಾಲಯದವರು ತಮ್ಮ ಹೊಸ ಕೊಠಡಿಯ ಗೋಡೆಯಗಲದ ಪರದೆಗೆ ಪ್ರಾಚೀನ ಶೈಲಿಯ ಡಿಜಿಟಲ್ ಶಿಲ್ಪವೊಂದು ಬೇಕೆಂದಿದ್ದರು. ನಾನು ಕೇಳಿದ್ದಕ್ಕಿಂತ ಹೆಚ್ಚೇ ಮಾಡಿದೆ. ಹನ್ನೆರಡು ಕಂಬಗಳ ಮಂಟಪ, ಅದರ ಮುಂದೆ ಕೊಳ, ಕೊಳಕ್ಕಿಳಿಯುವ ಮೆಟ್ಟಿಲು. ಮೆಟ್ಟಿಲ ಸಂದಿಯಲ್ಲಿ ಪಾಚಿಯನ್ನೂ ಬೆಳೆಸಿದ್ದೆ! ದಂಡೆಯಲ್ಲಿ, ಬಲಭುಜದ ಮೇಲಿನ ಕೊಡವನ್ನು ಬಾಗಿಸಿ ನೀರು ಸುರಿಯುವ ಕಲ್ಲಿನ ಹೆಣ್ಣು. ಕುತ್ತಿಗೆ ಒಂದು ಕಡೆ, ನಡು ಇನ್ನೊಂದು ಕಡೆ, ಮಂಡಿ ಮತ್ತೊಂದು ಕಡೆ ಬಾಗಿದ ತ್ರಿಭಂಗಿ.

ಪರಿಶೀಲನೆ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ವಿಡಿಯೊ ಕರೆಯಲ್ಲಿ. ನೋಡುವವರು ಒಬ್ಬ ಪ್ರಾಚ್ಯವಸ್ತು ತಜ್ಞರು. ನಮ್ಮ ಕಸುಬಿನವರು ಅವರಿಗೆ ಇಟ್ಟಿದ್ದ ಹೆಸರು ಭೂತಗನ್ನಡಿ. ನನಗಿಂತ ಮುಂಚೆ ಇಬ್ಬರ ಕೆಲಸವನ್ನು ಹತ್ತೇ ನಿಮಿಷದಲ್ಲಿ ಕಸದ ಬುಟ್ಟಿಗೆ ಕಳಿಸಿದ್ದರು. ಒಬ್ಬ ಕರೆಗೆ ಐದು ನಿಮಿಷ ತಡವಾಗಿ ಬಂದದ್ದಕ್ಕೇ ಹೋದ! ನನ್ನದೂ ಹೋದರೆ ಮತ್ತೆ ಟೈಲ್ಸ್ ಕಂಪನಿಯ ಕ್ಯಾಟಲಾಗಿಗೆ ಬಚ್ಚಲುಮನೆಗಳನ್ನು ಚಿತ್ರಿಸುತ್ತ ಕೂರಬೇಕು. ಹತ್ತು ವರ್ಷ ಅದನ್ನೇ ಮಾಡಿದ್ದೆ. ಕಮೋಡುಗಳಿಗೆ ಧಾರೆಯೆರೆದ ಪ್ರತಿಭೆ ಸಾಕೋ ಸಾಕಾಗಿತ್ತು!

ನನ್ನ ಹೆಂಡತಿ ಫಿಸಿಯೋಥೆರಪಿಸ್ಟ್. ಮನೆಯ ಮುಂದಿನ ಕೋಣೆಯೇ ಅವಳ ಕ್ಲಿನಿಕ್. ಅಂದು ಹತ್ತೂವರೆಗೆ, ಇಬ್ಬರು ರೋಗಿಗಳ ನಡುವಿನ ಬಿಡುವಿನಲ್ಲಿ, ನನಗೆ ಟೀ ತಂದವಳು ಪರದೆ ನೋಡಿ ಹಾಗೇ ನಿಂತಳು.

"ರೀ, ಇವಳಿಗೆ ಯಾವಾಗಿಂದ ನೋವು?"

"ಯಾರಿಗೆ?"

"ಈ ಹೆಂಗಸಿಗೆ. ಕೊಡ ಬಲಗಡೆ, ಭಾರ ಎಡಗಾಲ ಮೇಲೆ, ಸೊಂಟ ಎಲ್ಲೋ ಹೊರಗೆ. ಹೀಗೆ ನಿಂತ್ರೆ ಎರಡು ನಿಮಿಷಾನೂ ತಡೆಯಲ್ಲ. ನನ್ನ ಹತ್ರ ಕಳಿಸಿ, ಆರು ಸಲ ಬಂದ್ರೆ ಸರಿಮಾಡ್ತೀನಿ."

"ಇದು ಕಲೆ ಕಣೇ! ಕಲ್ಲಿಗೆಲ್ಲಿ ಸ್ನಾಯು?"

"ಹಳೇ ಕಾಲದ ಶಿಲ್ಪಿಗಳು ಮನುಷ್ಯರನ್ನ ನೋಡಿ ಕೆತ್ತುತಿದ್ರು. ನೀವೇನು ನೋಡಿ ಮಾಡಿದ್ರಿ? ಕಮೋಡಾ?"

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಮುಂದಿನ ರೋಗಿ. ಅವಳು ಹೋದಳು, ಮಾತು ಮಾತ್ರ ನನ್ನೆದೆಯಲ್ಲೇ ಚುಚ್ಚಿಕೊಂಡು ಉಳಿಯಿತು. ಈ ಭಂಗಿಯಲ್ಲಿ ನಿಲ್ಲಲು ಆಗುವುದಿಲ್ಲವೇ? ನಿಂತು ತೋರಿಸುತ್ತೇನೆ!

ಹಾಸಿಗೆಯ ಮೇಲಿದ್ದ ಬೂದು ಬಣ್ಣದ ಹೊದಿಕೆಯನ್ನು ಎಳೆದು ಸುತ್ತಿಕೊಂಡೆ. ನೆರಿಗೆ ಹೇಗೆ ಬೀಳುತ್ತದೆಂದು ನೋಡಿದಂತೆಯೂ ಆಯಿತು. ಕೊಡಕ್ಕೆ ಬದಲಾಗಿ ಬಚ್ಚಲಿನ ಬಕೆಟ್ಟು. ಖಾಲಿ ಬಕೆಟ್ಟು ಹೊತ್ತರೆ ಸತ್ಯಕ್ಕೆ ಅಪಚಾರವೆಂದು ಅರ್ಧದಷ್ಟು ನೀರನ್ನೂ ತುಂಬಿಸಿದೆ. ಅದನ್ನು ಬಲಭುಜಕ್ಕೇರಿಸಿ ಕುರ್ಚಿಯ ಹಿಂದೆ ನಿಂತು, ಪರದೆ ನೋಡುತ್ತ ಕುತ್ತಿಗೆ ಬಾಗಿಸಿದೆ. ಮಂಡಿ ಬಾಗಿಸಿದೆ. ನಡು ಬಾಗಿಸಿದೆ.

ಕಟಕ್!

ಬೆನ್ನು ಹಿಡಿದುಕೊಂಡಿತು. ಮೇಲಕ್ಕೇಳಲಾರೆ, ಕೆಳಕ್ಕಿಳಿಯಲಾರೆ. ಬಕೆಟ್ಟು ಇಳಿಸೋಣವೆಂದರೆ ತೋಳು ಎತ್ತಿದ ಕಡೆಯೇ ಸೆಟೆದಿತ್ತು. ಕಣ್ಣು ಮಾತ್ರ ಹೊರಳಿಸಿ ಕೆಳಗೆ ನೋಡಿದರೆ ಜೀವವೇ ಹಾರಿತು. ಬಕೆಟ್ಟಿನ ಬಾಯಿಯ ನೇರ ಕೆಳಗೆ, ಕುರ್ಚಿಯ ಪಕ್ಕದಲ್ಲಿ, ನನ್ನ ಕಂಪ್ಯೂಟರಿನ ಪೆಟ್ಟಿಗೆ! ಅದರ ನೆತ್ತಿಯ ತುಂಬ ಗಾಳಿಯಾಡುವ ತೂತು. ಎರಡು ವಾರದ ಮಂಟಪ, ಕೊಳ, ಪಾಚಿ, ಹೆಣ್ಣು ಎಲ್ಲ ಅದರ ಹೊಟ್ಟೆಯೊಳಗೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ!

ಗಡಿಯಾರದಲ್ಲಿ ಹತ್ತು ನಲವತ್ತೆಂಟು.

"ಲೇ..." ಎಂದೆ. ದನಿ ಸೊಳ್ಳೆಯದಷ್ಟೂ ಹೊರಡಲಿಲ್ಲ. ಜೋರಾಗಿ ಕೂಗಲು ಎದೆ ಉಬ್ಬಿಸಬೇಕು, ಎದೆ ಉಬ್ಬಿದರೆ ಬಕೆಟ್ಟು ವಾಲುತ್ತದೆ.

"ಲೇ... ಬಾರೇ!" ಎಂದು ದನಿ ತುಸು ಏರಿಸಿದೆ.

"ಇನ್ನೊಂದ್ಸಲ ಟೀ ಇಲ್ಲ! ಪೇಷೆಂಟ್ ಇದ್ದಾರೆ!"

ತೋಳು ನಡುಗಲಾರಂಭಿಸಿತು. ನೀರು ಬಕೆಟ್ಟಿನ ಅಂಚಿಗೆ ಬಂತು, ಹಿಂದೆ ಸರಿಯಿತು, ಮತ್ತೆ ಬಂತು. ಒಂದು ಹನಿ ಜಾರಿ ಪೆಟ್ಟಿಗೆಯ ತೂತುಗಳಿಗೆ ಒಂದು ಬೆರಳಿನಾಚೆ ಟಪ್ಪೆಂದು ಬಿತ್ತು. ಎರಡನೆಯದು ಅರ್ಧ ಬೆರಳಿನಾಚೆ. ಅಭಿಮಾನ, ಕಲೆ, ಎಲ್ಲವನ್ನೂ ಬದಿಗಿಟ್ಟು ಗಂಟಲು ಹರಿಯುವಂತೆ ಕಿರುಚಿದೆ.

"ನೀನು ಹೇಳಿದ್ದೇ ಸರಿ ಕಣೇ!"

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಕೇಳದಿದ್ದ ಮಾತು! ಏನೋ ಅನಾಹುತವೇ ಆಗಿದೆಯೆಂದು ಓಡಿ ಬಂದಳು. ಬಂದವಳು ಮೂರನೆಯ ಹನಿ ಬೀಳುವ ಮೊದಲು ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬೆನ್ನನ್ನು ಒತ್ತಿ ನೋಡಿದಳು.

"ಸ್ನಾಯು ಹಿಡ್ಕೊಂಡಿದೆ. ಕಾಲು ಗಂಟೆ ಶಾಖ ಕೊಡಬೇಕು. ಅಲ್ಲೀವರೆಗೂ ಹೀಗೇ ನಿಂತಿರಿ. ಒಂಚೂರೂ ಅಲುಗಬೇಡಿ, ಅಲುಗಿದ್ರೆ ಮೂರು ವಾರ ಮಂಚವೇ ಗತಿ!"

ಹೊದಿಕೆಯೊಳಗೆ ಶಾಖದ ಚೀಲ ತುರುಕುತ್ತಿದ್ದಂತೆ ಕರೆ ಬಂತು. ಸರಿಯಾಗಿ ಹನ್ನೊಂದು! ನಾನು ಕಣ್ಣಲ್ಲೇ ಬೇಡಿಕೊಂಡೆ. ಅವಳು ಕುರ್ಚಿಯಲ್ಲಿ ಕೂತು ಕರೆ ತೆಗೆದುಕೊಂಡಳು.

"ನಮಸ್ಕಾರ ಸರ್. ನಾನು ಅವರ ಮನೆಯವಳು. ಅವರು ಕೆಲಸದಲ್ಲಿ ಸ್ವಲ್ಪ ಸಿಕ್ಕಿಹಾಕ್ಕೊಂಡಿದ್ದಾರೆ. ನಾನೇ ತೋರಿಸ್ತೀನಿ."

"ಹ್ಞೂಂ," ಎಂದರು ಭೂತಗನ್ನಡಿ. ಪರದೆಗೆ ಮೂಗು ತಾಗಿಸಿ ಶಿಲ್ಪವನ್ನು ನೋಡಿದರು. "ಮಂಟಪ ಪರವಾಗಿಲ್ಲ. ಪಾಚಿ ಚೆನ್ನಾಗಿದೆ." ನನ್ನ ಜೀವ ಅರ್ಧ ಮರಳಿತು. "ಆದ್ರೆ ಈ ನಿಲುವು... ಭಾರ ಎಡಗಾಲಿಗೆ ಯಾಕೆ ಬಂತು?"

"ಅದು ತಪ್ಪೇ ಸರ್," ಎಂದುಬಿಟ್ಟಳು ನನ್ನ ಅರ್ಧಾಂಗಿ!

ತ್ರಿಭಂಗಿಯಲ್ಲಿ ನಿಂತಿದ್ದ ನನಗೆ ನಾಲ್ಕನೆಯ ಭಂಗವೂ ಒದಗಿತು, ಮುಖಭಂಗ! ಹೋಯಿತು, ಮುಗಿಯಿತು, ಇನ್ನು ಬಚ್ಚಲುಮನೆಯೇ ಗತಿ ಎಂದುಕೊಂಡೆ.

"ಕೊಡ ಬಲ ಭುಜದ ಮೇಲಿದ್ರೆ ಭಾರ ಬಲಗಾಲಿಗೇ ಇಳೀಬೇಕು. ಸೊಂಟ ಅದರ ಕೆಳಗೇ ಬರಬೇಕು. ಒಂದು ನಿಮಿಷ ಸರ್, ಸರಿಮಾಡಿ ತೋರಿಸ್ತೀನಿ." ತಲೆ ತಿರುಗಿಸದೆ ಪಿಸುಗುಟ್ಟಿದಳು, "ರೀ, ಯಾವುದನ್ನ ಎಳೀಬೇಕು?"

"ಸೊಂಟದ ಸುತ್ತ ನೀಲಿ ಬಳೆ ಥರ ಇದೆಯಲ್ಲ, ಅದು," ಎಂದೆ ತುಟಿಯಲುಗಿಸದೆ. "ಮೆಲ್ಲಗೆ... ಮೆಲ್ಲಗೆ!"

ರೋಗಿಗಳ ಸೊಂಟ ಹಿಡಿದು ಪಳಗಿದ ಕೈ. ಬಳೆಯನ್ನು ಒಂದಿಷ್ಟು ತಿರುಗಿಸಿದಳು, ಭಾರದ ಕಾಲನ್ನು ನೆಟ್ಟಗಾಗಿಸಿದಳು, ಭುಜವನ್ನು ಕೂದಲೆಳೆಯಷ್ಟು ಇಳಿಸಿದಳು. ಅಷ್ಟೇ! ಎರಡು ವಾರ ಕಂಬಕ್ಕೆ ಒರಗಿಸಿದ ಗೊಂಬೆಯಂತಿದ್ದ ಹೆಣ್ಣು ತನ್ನ ಕಾಲ ಮೇಲೆ ತಾನು ನಿಂತಳು. ಈಗ ತಾನೇ ಮೆಟ್ಟಿಲಿಳಿದು ಬಂದು ನೀರು ಸುರಿಯುತ್ತಿದ್ದಾಳೆ ಅನ್ನುವ ಹಾಗೆ! ನೋವಿನಲ್ಲೂ ನನ್ನ ಕಣ್ಣು ತುಂಬಿ ಬಂತು.

"ಆಹಾ," ಎಂದರು ಭೂತಗನ್ನಡಿ. ಅವರ ಬಾಯಿಂದ ಆಹಾ! "ಒಪ್ಪಿಗೆ. ಇದನ್ನೇ ಹಾಕೋಣ. ಆದ್ರೆ ತಾಯಿ, ಒಂದು ವಿಷಯ. ನಿಮ್ಮ ಬೆನ್ನ ಹಿಂದೆ ಇನ್ನೊಂದು ಮೂರ್ತಿ ನಿಲ್ಲಿಸಿದ್ದೀರಲ್ಲ, ಬೂದು ಬಣ್ಣದ್ದು. ಅದನ್ನೂ ಪ್ರದರ್ಶನಕ್ಕೆ ಕಳಿಸ್ತೀರಾ? ನೆರಿಗೆ ಸೊಗಸಾಗಿದೆ. ಆದ್ರೆ ಆ ಹೊಟ್ಟೆ ಯಾವ ಕಾಲದ ಶೈಲಿಗೂ ಸೇರಲ್ಲ."

ನಾನು ಉಸಿರು ಬಿಗಿಹಿಡಿದೆ.

ಹೆಂಡತಿ ಒಮ್ಮೆ ಹಿಂತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಲ್ಲ ಸರ್," ಎಂದಳು. "ಅದು ರಿಪೇರಿಗೆ ಬಂದಿರೋದು."