ಓಟದ ಪತ್ರಿಕೆ ಮತ್ತು ಮೊದಲ ಬಸ್ಸು

ಕೆಟ್ಟ ಕೈಬರಹದಿಂದ ಯಾರಿಗಾದರೂ ಒಳ್ಳೆಯದಾಗಿದೆಯೇ ಎಂದು ಕೇಳಿದರೆ, ನಮ್ಮ ಮನೆಯಲ್ಲಿ ಆಗಿದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಸಾಂಗಲಿ ಜಿಲ್ಲೆಯ ಗಡಿಯೂರು ಮುಚ್ಚಂಡಿಯಲ್ಲಿ ಕನ್ನಡ ಸಾಲೆಯ ಮಾಸ್ತರನಾಗಿದ್ದೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದವನಿಗೆ ಊರಿನಲ್ಲಿ ಓದಲು ಸಿಗುತ್ತಿದ್ದದ್ದು ಕಿರಾಣಿ ಪೊಟ್ಟಣದ ಮರಾಠಿ ಪೇಪರು ಮಾತ್ರ. ಸಕ್ಕರೆ ತರುವುದು ತಡವಾದರೆ ದೇಶದ ಸುದ್ದಿಯೂ ತಡವಾಗುತ್ತಿತ್ತು. ಬೇಸತ್ತು ಮುಂಬಯಿಯಲ್ಲಿದ್ದ ಕಾಲೇಜು ಗೆಳೆಯ ವಸಂತನಿಗೆ ‘ಓದಲು ಒಂದು ಚಂದದ ಪತ್ರಿಕೆ ಕಳಿಸು’ ಎಂದು ಕಾರ್ಡು ಬರೆದೆ. ಅವಸರದಲ್ಲಿ ನನ್ನ ದಕಾರ ಡಕಾರವಾಗಿಬಿಡುತ್ತದೆ. ಹದಿನೈದು ದಿನಕ್ಕೋ ತಿಂಗಳಿಗೋ (ಡೈರಿಯ ಆ ಪುಟದ ಮೇಲೆ ಚಹಾ ಚೆಲ್ಲಿದೆ, ನೆನಪನ್ನು ನಾನು ನಂಬುವುದಿಲ್ಲ) ಓಟದ ಮೇಲಿನ ಒಂದು ಇಂಗ್ಲಿಷ್ ಪತ್ರಿಕೆ ಬಂತು. ಜೊತೆಗೊಂದು ಚೀಟಿ: ‘ನೀನು ಓಡಲು ಶುರು ಮಾಡಿದ್ದು ಕೇಳಿ ಸಂತೋಷ. ಹೊಟ್ಟೆ ಕರಗಲಿ.’

ಸಿಟ್ಟು ಬರಬೇಕಾಗಿತ್ತು. ಆದರೆ ಪತ್ರಿಕೆ ತೆರೆದೆ ನೋಡಿ, ಮುಗಿಯಿತು. ಮುಟ್ಟುವ ಮೊದಲು ಕೈ ತೊಳೆದುಕೊಳ್ಳಬೇಕೆನಿಸುವ ಕಾಗದ. ಒಂದು ಪುಟದಲ್ಲಿ ಮಂಜಿನೊಳಗಿಂದ ಬರೀ ಮೊಣಕಾಲುಗಳು ಹೊರಗೆ ಬರುತ್ತಿದ್ದವು. ಇನ್ನೊಂದರಲ್ಲಿ ಬೆವರ ಹನಿ ಗದ್ದವನ್ನು ಬಿಡಲೋ ಬೇಡವೋ ಎಂದು ನಿಂತಿತ್ತು. ನಡುವಿನ ಜೋಡಿ ಪುಟದಲ್ಲಿ ಒಬ್ಬ ಹೆಣ್ಣುಮಗಳು ದಿಬ್ಬ ಏರುತ್ತಿದ್ದಳು. ಅದು ಫೋಟೋ ಅಲ್ಲ, ನೀರುಬಣ್ಣದ ಚಿತ್ರ. ಕೂದಲು ಅವಳಿಗಿಂತ ಒಂದು ಹೆಜ್ಜೆ ಹಿಂದೆ. ದಿನಾ ಸಾಲೆ ಬಿಟ್ಟ ಮೇಲೆ ಹಾಸಿಗೆಯಲ್ಲಿ ಅಡ್ಡಾಗಿ, ತಲೆಗೆ ಎರಡು ದಿಂಬು ಕೊಟ್ಟು, ಲೋಕದ ಜನ ಓಡುವುದನ್ನು ನೋಡುತ್ತಿದ್ದೆ. ಅಷ್ಟು ಹಾಯಾದ ವ್ಯಾಯಾಮವನ್ನು ಮತ್ತೆಂದೂ ಮಾಡಿಲ್ಲ.

ಪಕ್ಕದ ಮನೆಯ ಬೀರಪ್ಪ ಕುರಿ ಕಾಯುವವನು. ಅವನಿಗೂ ತೋರಿಸಿದೆ.

“ಮಾಸ್ತರ್ರ, ಇವರ ಬೆನ್ನ ಹಿಂದ ಏನರ ನಾಯಿ ಬಿದ್ದಾವೇನ್ರಿ?”

“ಇಲ್ಲೋ, ಸುಮ್ಮ ಓಡ್ಯಾರ.”

“ಹಂಗಾರ ಕುರಿ ಕಳದಿರಬೇಕು ಬಿಡ್ರಿ.” ಆಮೇಲೆ ಒಂದು ಚಿತ್ರದ ಮೇಲೆ ಬೆರಳಿಟ್ಟು, “ಇಂವಾ ಹಿಮ್ಮಡ ಊರ್ತಾನ. ಭಾಳ ದೂರ ಹೋಗಾಂವಲ್ಲ,” ಎಂದ. ಇಂಗ್ಲಿಷಿನಲ್ಲಿ ಮೂರು ಪುಟ ಬರೆದದ್ದೂ ಅದನ್ನೇ. ನನಗೆ ತಿಳಿಯಲು ನಿಘಂಟು ಬೇಕಾಗಿತ್ತು.

ನನ್ನ ಹೆಂಡತಿ ಶಾಂತಾ ಮಾತ್ರ ದಿಬ್ಬದ ಹೆಣ್ಣುಮಗಳನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

“ಈಕಿ ಎಲ್ಲಿಗೆ ಹೊಂಟಾಳ್ರಿ?”

“ಎಲ್ಲಿಗೂ ಇಲ್ಲ.”

“ಎಲ್ಲಿಗೂ ಇಲ್ಲದ ಯಾರರ ಹಿಂಗ ಏದತಾರೇನು? ಎಲ್ಲೋ ಮುಟ್ಟೂದೈತಿ ಆಕಿಗೆ. ನಿಮಗ ಹೇಳಿಲ್ಲ ಅಷ್ಟ.”

ಶಾಂತಾ ಮ್ಯಾಟ್ರಿಕ್ ಪಾಸಾದವಳು. ಸರ್ಟಿಫಿಕೇಟು ಮದುವೆಯಾದಾಗಿನಿಂದ ಟ್ರಂಕಿನ ತಳದಲ್ಲಿ ರೇಷ್ಮೆ ಸೀರೆಗೆ ಹಾಸಾಗಿತ್ತು. ಆ ವರ್ಷ ಬಾಲವಾಡಿಯ ಶಿಕ್ಷಕಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸಾಂಗಲಿಗೆ ಮುಲಾಖತ್ತಿಗೆ, ಅಂದರೆ ಸಂದರ್ಶನಕ್ಕೆ, ಬರಬೇಕೆಂದು ಕಾಗದ ಬಂತು. ವಯಸ್ಸಿನ ಮಿತಿ ಮುಗಿಯುತ್ತಿತ್ತು, ಮತ್ತೊಮ್ಮೆ ಕರೆಯುವಂತಿರಲಿಲ್ಲ. ಬೆಳಗಿನ ಮೊದಲ ಬಸ್ಸು ತಪ್ಪಿದರೆ ಹೊತ್ತಿಗೆ ಸಾಂಗಲಿ ಮುಟ್ಟುವಂತೆಯೂ ಇರಲಿಲ್ಲ. “ನಿನ್ನ ಇಚ್ಛೆ. ನನ್ನದೇನೂ ಅಡ್ಡಿಯಿಲ್ಲ,” ಎಂದು ಸುಶಿಕ್ಷಿತ ಗಂಡನಿಗೆ ಒಪ್ಪುವಂತೆ ಹೇಳಿದ್ದೆ.

ಆ ದಿನ ತಡವಾದದ್ದು ನನ್ನಿಂದ. ಸಾಹೇಬರ ಮುಂದೆ ಹೋಗುವವಳು ಅವಳು, ದಾಡಿ ಮಾಡಿಕೊಳ್ಳುತ್ತ ಕುಳಿತವನು ನಾನು. ಮನೆಯಿಂದ ರಸ್ತೆ ಅರ್ಧ ಮೈಲಿ. ಹೊಲದ ದಾರಿಯ ನಡುವೆಯೇ ಬಸ್ಸಿನ ಹಾರ್ನು ಕೇಳಿತು. “ಓಡ್ರಿ!” ಎಂದಳು ಶಾಂತಾ. ಓಡಿದೆ. ಎಷ್ಟು ದೂರವೆಂದು ಕೇಳಬೇಡಿ, ಬನ್ನಿ ಮರದ ತನಕ ಎಂದು ನನ್ನ ನೆನಪು, ಅದಕ್ಕೂ ಮೊದಲೇ ಎಂದು ಬೀರಪ್ಪನ ನೆನಪು. ಪಕ್ಕೆ ಹಿಡಿಯಿತು. ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ. ಸರ್ಟಿಫಿಕೇಟಿನ ಚೀಲ ನನ್ನ ಕೈಯಲ್ಲಿತ್ತು.

ಮುಂದೆ ಹೋದವಳು ತಿರುಗಿ ಬಂದಳು.

“ಕುಂದ್ರೂ ಹೊತ್ತೇನ್ರಿ ಇದು? ಕೊಡ್ರಿ ಚೀಲ!”

ಕಸಿದುಕೊಂಡು, ಕಚ್ಚೆಯ ಸೀರೆಯನ್ನು ಇನ್ನಷ್ಟು ಬಿಗಿದು, ಚಪ್ಪಲಿಗಳನ್ನು ನನ್ನ ತೊಡೆಯ ಮೇಲೆ ಎಸೆದು ಓಡಿದಳು. ಹಿಮ್ಮಡ ಊರದೆ, ತುದಿಗಾಲ ಮೇಲೆ, ದಿಬ್ಬದ ಹೆಣ್ಣುಮಗಳಂತೆಯೇ. ಕುರಿಗಳ ನಡುವೆ ನಿಂತಿದ್ದ ಬೀರಪ್ಪ, “ಲಗೂನ ಅಕ್ಕಾರ, ಲಗೂನ! ಏ ಡ್ರೈವರ್ ಸಾಹೇಬ, ನಿಂದ್ರಸೋ!” ಎಂದು ಕೂಗಿದ. ಬಸ್ಸು ನಿಂತಿತು. ಶಾಂತಾ ಬರಿಗಾಲಲ್ಲೇ ಹತ್ತಿದಳು. ಅಂಥ ಚಿತ್ರ ಆ ಪತ್ರಿಕೆಯಲ್ಲೂ ಇರಲಿಲ್ಲ.

ಬರಿಗಾಲಲ್ಲೇ ಮುಲಾಖತ್ತು ಮುಗಿಸಿ, ಕೆಲಸ ಗಿಟ್ಟಿಸಿಕೊಂಡಳು. ಕೆಲಸ ಸಿಕ್ಕ ಪಕ್ಕದೂರು ಸನಮಡಿಯ ಎಷ್ಟೋ ಮಕ್ಕಳು ಅವಳ ಕೈಯಲ್ಲಿ ಮೊದಲ ಅಕ್ಷರ ತಿದ್ದಿದರು. ಅದಕ್ಕಾಗಿ ಆ ಪತ್ರಿಕೆಗೆ, ಅದರ ಹೆಸರಿಲ್ಲದ ಚಿತ್ರಗಾರನಿಗೆ, ವಸಂತನಿಗೆ, ಬ್ರೇಕು ಒತ್ತಿದ ಡ್ರೈವರನಿಗೆ ನಾನು ಕೃತಜ್ಞ. ನನ್ನ ಬಗ್ಗೆ ಮಾತ್ರ ಒಂದು ಸಂಶಯ ಉಳಿದಿದೆ. ಆ ಕಲ್ಲಿನ ಮೇಲೆ ಚೀಲವನ್ನು ಅಷ್ಟು ಬಿಗಿಯಾಗಿ ಹಿಡಿದು ಕುಳಿತದ್ದು ನಿಜಕ್ಕೂ ಏದುಸಿರು ಹತ್ತಿದ್ದಕ್ಕೋ, ಅಥವಾ ನಾಳೆಯಿಂದ ರೊಟ್ಟಿ ಬಡಿಯುವವರು ಯಾರು ಎಂಬ ವಿಚಾರ ಅಷ್ಟರಲ್ಲೇ ಬಂದಿತ್ತೋ? ಡೈರಿಯಲ್ಲಿ ‘ಪಕ್ಕೆ ನೋವು, ಕುಳಿತೆ’ ಎಂದಿದೆ. ಆದರೆ ಡೈರಿ ಬರೆದವನೂ ನಾನೇ. ಶಾಂತಾಳನ್ನು ಕೇಳಬಹುದು. ಅವಳಿಗೆ ಎಲ್ಲವೂ ಸರಿಯಾಗಿ ನೆನಪಿರುತ್ತದೆ. ಅದಕ್ಕೇ ಇಲ್ಲಿಯವರೆಗೆ ಕೇಳಿಲ್ಲ.