ಕಾಟಿ ಬಾರದ ಪದ್ಯ

ಸಾಗರದಲ್ಲಿ ಬ್ಲೌಸ್ ಹೊಲಿಯುವವರು ಬೇಕಾದಷ್ಟಿದ್ದಾರೆ. ಬ್ಲೌಸಿನ ಜೊತೆ ಪದ್ಯವನ್ನೂ ಪುಕ್ಕಟೆ ಕೊಡುವವಳು ನಮ್ಮಕ್ಕ ಒಬ್ಬಳೇ. ಬೇಡ ಎಂದವರಿಗೂ ಕೊಡುತ್ತಾಳೆ! ಹಾಳೆ ಕಂಡರೆ ಅವಳಿಗೆ ಒಂದಕ್ಷರವೂ ಹೊಳೆಯುವುದಿಲ್ಲ. ಲೈನಿಂಗ್ ಬಟ್ಟೆ ಹರವಿ, ಗುರುತು ಹಾಕುವ ಸೀಮೆಸುಣ್ಣ ಹಿಡಿದರೆ ಮಾತ್ರ ಪದ್ಯ ಬರುತ್ತದೆ. ಒಮ್ಮೆ ಬ್ಯಾಂಕಿನ ಮೇಡಂ ಒಬ್ಬರು ತಮ್ಮ ಬ್ಲೌಸಿನ ಒಳಗೆ ಎರಡು ಸಾಲು ಪದ್ಯ ಸಿಕ್ಕಿತೆಂದು ತಂದು ತೋರಿಸಿದರು.

“ಒಗೆದ್ರೆ ಹೋಗ್ತದೆ ಮೇಡಂ,” ಅಂದಳು ಅಕ್ಕ.

“ಹೋಗೋದು ಬೇಡ ಮಾರಾಯ್ತಿ, ಮೂರನೇ ಸಾಲು ಎಂತ ಹೇಳು.”

ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಅವಳ ಅಂಗಡಿಯಲ್ಲಿ ಇಸ್ತ್ರಿ ಕೆಲಸ ನನ್ನದು.

ಹೊಸನಗರದ ಅತ್ತೆಯ ಹಿತ್ತಿಲಿಗೆ ಕಾಟಿ, ಅಂದರೆ ಕಾಡುಕೋಣ, ಬಂದು ಹೋಗಿತ್ತು. ಅಕ್ಕ ಅದನ್ನು ನೋಡಿಯೇ ಇಲ್ಲ. ಆದರೂ ಪದ್ಯ ಬರೆದಳು. ಅದರಲ್ಲಿದ್ದದ್ದು ಮಲಗಿದ ಬೇಲಿ, ಬೊಗಳುವುದನ್ನು ಮರೆತ ನಾಯಿ, ಗೊರಸಿನ ಗುಂಡಿಯ ನೀರಲ್ಲಿ ಈಜುವ ಕಪ್ಪೆ.

“ಕಾಟಿ ಎಲ್ಲಿ?” ಅಂದೆ.

“ಕಪ್ಪೆ ಈಜ್ಬೇಕಾದ್ರೆ ಗುಂಡಿ ಎಷ್ಟಿರ್ಬೇಕು? ಗುಂಡಿ ಅಷ್ಟಾದ್ರೆ ಕಾಲು? ಕಾಲು ಅಷ್ಟಾದ್ರೆ ಮೈ?”

“ಅದಕ್ಕೂ ಬ್ಲೌಸ್ ಹೊಲೀತೀಯಾ ಎಂತ?”

ನಾನು ಬಿಡಲಿಲ್ಲ. ಕೊನೆಗೆ ನನಗಾಗಿ ಬಟ್ಟೆಯ ಕೆಳಗಿನ ಅಂಚಿನಲ್ಲಿ ಒಂದು ಸಾಲು ಸೇರಿಸಿದಳು: ‘ಬಂತು ನೋಡು ಕಾಟಿ, ಕೊಂಬು ಬೀಸಿ.’ ಈಗ ಪದ್ಯ ಅಂದರೆ ಪದ್ಯ ಎಂದು ಬೀಗಿದೆ.

ತೀರ್ಥಹಳ್ಳಿಯ ಕವಿಗೋಷ್ಠಿಗೆ ಅವಳನ್ನು ಕರೆದರು. ಅವಳಿಗೆ ಅದೇ ಮೊದಲ ವೇದಿಕೆ. ನಮ್ಮಕ್ಕ ಪದ್ಯ ಬರೆದ ಲೈನಿಂಗ್ ಬಟ್ಟೆಯನ್ನು ಮುದುಡಿದ ಹಾಗೇ ಹಿಡಿದು ನಿಲ್ಲುವುದೇ? ಹೊರಡುವ ಬೆಳಿಗ್ಗೆ ಅವಳಿಗೆ ತಿಳಿಯದಂತೆ ನೀರು ಚಿಮುಕಿಸಿ, ಕೆಳಗಿನ ಅಂಚಿಗೆ ಇಸ್ತ್ರಿಪೆಟ್ಟಿಗೆ ಎಳೆದೆ. ಎತ್ತಿ ನೋಡಿದರೆ ಕಾಟಿಯ ಸಾಲೇ ಮಾಯ! ಬಟ್ಟೆಯನ್ನು ಮಡಚಿ ಅವಳ ಚೀಲಕ್ಕೆ ತುರುಕಿ ಸುಮ್ಮನಾದೆ.

“ಎಂತಾಯ್ತೋ ನಿಂಗೆ?” ಅಂದಳು ಬಸ್ಸಿನಲ್ಲಿ.

“ತಿರುವು ಜಾಸ್ತಿ. ಹೊಟ್ಟೆ ತೊಳಸ್ತಾ ಇದೆ.”

ವೇದಿಕೆಯಲ್ಲಿ ಅಕ್ಕ ಬೇಲಿ ಓದಿದಳು, ನಾಯಿ ಓದಿದಳು, ಕಪ್ಪೆ ಓದಿದಳು. ಬಟ್ಟೆಯ ಅಂಚು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ನಿಧಾನ ಬಟ್ಟೆ ಮಡಚಿ ಕೈಮುಗಿದಳು. ಮುಂದೆ ಕೂತಿದ್ದ ಅಜ್ಜರೊಬ್ಬರು ಏನೋ ಬಂದ ಹಾಗೆ ಬಾಗಿಲ ಕಡೆ ತಿರುಗಿ ನೋಡಿದರು. ಆಮೇಲೆ ಬಿತ್ತು ನೋಡಿ ಚಪ್ಪಾಳೆ! ‘ನಮ್ಮಕ್ಕ, ನಮ್ಮಕ್ಕ’ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದೆ. ಇಸ್ತ್ರಿಯ ಸುದ್ದಿ ಮಾತ್ರ ಎತ್ತಲಿಲ್ಲ.

ವಾಪಸು ಬರುವಾಗ ತಡೆಯಲಾಗಲಿಲ್ಲ. “ಅಕ್ಕ, ಆ ಸಾಲು ಅಳಿಸಿದ್ದು ನಾನೇ.”

“ಗೊತ್ತು. ಸಾಲು ಬಾಯಲ್ಲೇ ಇತ್ತು.”

“ಮತ್ತೆ ಹೇಳ್ಲಿಲ್ಲ ಯಾಕೆ?”

“ನಿನ್ನ ಮುಖ ನೋಡ್ದೆ. ಕಾಟಿ ನನ್ನ ಬೆನ್ನ ಹಿಂದೇ ನಿಂತಿದ್ದನ್ನ ಕಂಡವ್ನ ಹಾಗೆ ಕೂತಿದ್ದೆ ನೀನು. ಇನ್ನು ಆ ಸಾಲು ಯಾಕೆ ಅನ್ನಿಸ್ತು.”

ಅಕ್ಕ ಎದ್ದು ನಿಂತಳು.

“ಈಚೆ ಬಾ, ಕಿಟಕಿ ಹತ್ರ ಕೂತ್ಕೋ. ತಿರುವು ಬಂತು.”