ಕಾಣದ ಜೋಕಾಲಿಗೆ ಸುತ್ತು

ಇಲ್ಲದ ವಸ್ತುಗಳಿಗೆ ನಮ್ಮಣ್ಣನಷ್ಟು ಮರ್ಯಾದೆ ಕೊಟ್ಟ ಮನುಷ್ಯ ಸಿಡ್ನಿಯಲ್ಲೂ ಸಿಗಲಿಕ್ಕಿಲ್ಲ, ಮೆಲ್ಬರ್ನ್‌ನಲ್ಲೂ ಸಿಗಲಿಕ್ಕಿಲ್ಲ! ಆ ಭಾನುವಾರ ಮೆಲ್ಬರ್ನ್‌ನಿಂದ ಬಂದವನು ಸಿಡ್ನಿಯ ಸ್ಕೋಫೀಲ್ಡ್ಸ್‌ನ ನಮ್ಮ ಹೊಸ ಮನೆಯ ಹಾಲ್‌ನಲ್ಲಿ ಆಫೀಸಿನ ದಪ್ಪ ಕನ್ನಡಕ ಹಾಕಿಕೊಂಡು ನಿಂತಿದ್ದ. ನಾನು ಚಹಾ ತಂದೆ.

"ಏ ತಂಗೀ, ಸರಿ ಆ ಕಡೆ! ಜೋಕಾಲಿ ಒಳಗ ನಿಂತೀಯಲ್ಲ!"

"ಇಲ್ಲೇನೂ ಇಲ್ಲೋ ಅಣ್ಣಾ."

"ನಿನಗ ಕಾಣೂದಿಲ್ಲ, ಅಷ್ಟ. ಸುತ್ತು ಹಾಕಿ ಬಾ."

ಹಾಕಿದೆ. ನಮ್ಮನೆಯವರೂ ಹಾಕಿದರು. ಹುಬ್ಬಳ್ಳಿಯ ಮನೆಯಲ್ಲಿ ಅವ್ವ ಕೂರುತ್ತಿದ್ದಂಥ ಜೋಕಾಲಿ ಮಾಡಿಕೊಡುತ್ತೇನೆಂದು ಅಣ್ಣ ಮಾತು ಕೊಟ್ಟಿದ್ದ.

ಅವನ ಕೆಲಸವೇ ಅದು. ಮೆಲ್ಬರ್ನ್‌ನ ಫ್ಯಾಕ್ಟರಿಯಲ್ಲಿ ಬಸ್ಸಿನ ಸೀಟು ತಯಾರಾಗುವ ಮೊದಲೇ ಅದನ್ನು ಕನ್ನಡಕದಲ್ಲಿ ಎದುರಿಗೆ ನಿಲ್ಲಿಸಿಕೊಳ್ಳುವುದು. ಯಾವ ಭಾಗ ಮೊದಲು, ಯಾವುದು ಆಮೇಲೆ, ಬೋಲ್ಟ್ ಬಿಗಿಯಲು ಕೈ ಹೋಗುತ್ತದೆಯೇ ಎಂದು ನೋಡುವುದು. ಅದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎನ್ನುತ್ತಾರಂತೆ! ನೋಡುವವರಿಗೆ ಮಾತ್ರ ಗಾಳಿಗೆ ಸ್ಪ್ಯಾನರ್ ಹಾಕುವ ಹುಚ್ಚ.

ಅಲ್ಲೇ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿದ್ದ ತನ್ನ ಮನೆಯ ಸತ್ಯನಾರಾಯಣ ಪೂಜೆಯನ್ನಾದರೂ ಬಿಟ್ಟನೇ? ಮಂಟಪ, ಬಾಳೆಕಂಬ, ಕಲಶ ಒಂದಕ್ಕೊಂದು ತಾಗದಂತೆ ವಾರ ಮೊದಲೇ ಕನ್ನಡಕದಲ್ಲಿ ಜೋಡಿಸಿಟ್ಟಿದ್ದ. ಪೂಜೆಯ ದಿನ ಎಲ್ಲವೂ ಕರಾರುವಾಕ್ಕು. ಭಟ್ಟರು ಕೂರಲು ಮಾತ್ರ ಜಾಗವಿಲ್ಲ!

"ಎಲ್ಲಾ ಕೂಡಿಸಿ ನನ್ನನ್ನ ಮರತೀಯಲ್ಲಪಾ," ಎಂದು ಅವರು ಅಡುಗೆಮನೆಯ ಬಾಗಿಲಲ್ಲಿ ಕೂತು ಕಥೆ ಓದಿದರು.

"ಮುಂದಿನ ವರ್ಷ ನಿಮ್ಮನ್ನೂ ಕನ್ನಡಕದಾಗ ಹಾಕ್ತೀನ್ರೀ!"

ಅವನಿಗೆ ಮುಂದಿನ ವರ್ಷ ಬರಲಿಲ್ಲ. ಜೋಕಾಲಿ ಅಳೆದುಹೋದ ಮೂರನೇ ದಿನ, ಫ್ಯಾಕ್ಟರಿಯಲ್ಲಿ, ಕನ್ನಡಕ ಹಾಕಿಕೊಂಡೇ ಎದೆ ಹಿಡಿದು ಮೊಣಕಾಲೂರಿದ. ಕಾಣದ ಸೀಟಿನ ಕೆಳಗೆ ಬೋಲ್ಟ್ ನೋಡುತ್ತಿದ್ದಾನೆ ಎಂದುಕೊಂಡರಂತೆ ಜೊತೆಯವರು. ಅಡ್ಡಿಯಾಗಬಾರದೆಂದು ಸುತ್ತು ಹಾಕಿ ಹೋದರಂತೆ. ಎಂಥ ಸಭ್ಯರು! ಬೈಯಲಿಕ್ಕೂ ಬಾಯಿಲ್ಲ ನನಗೆ. ನಾನಿದ್ದರೂ ಸುತ್ತು ಹಾಕಿಯೇ ಹೋಗುತ್ತಿದ್ದೆ, ಅವನೇ ಕಲಿಸಿದ್ದ.

ಕನ್ನಡಕದೊಳಗೆ ನನ್ನ ಜೋಕಾಲಿ ಇದೆ, ಅದನ್ನಷ್ಟು ಕೊಡಿ ಎಂದು ಕಂಪನಿಗೆ ಬರೆದೆ. ಸ್ವಂತ ಫೈಲುಗಳನ್ನೆಲ್ಲ ಅಳಿಸಿ ಕನ್ನಡಕವನ್ನು ಬೇರೊಬ್ಬರಿಗೆ ಕೊಟ್ಟಾಗಿದೆ ಎಂದು, ತೀವ್ರ ಸಂತಾಪದೊಂದಿಗೆ, ಉತ್ತರ ಬಂತು.

ಅಣ್ಣ ಆರ್ಡರ್ ಮಾಡಿದ್ದ ಹಲಗೆ, ಸರಪಳಿ, ಬೋಲ್ಟುಗಳು ಆಮೇಲೆ ಬಂದವು. ಗ್ಯಾರೇಜಿನಲ್ಲಿವೆ. ನಿನ್ನೆ ನಮ್ಮನೆಯವರು ಒಗೆದ ಬಟ್ಟೆಯ ಬುಟ್ಟಿ ಹಿಡಿದು ಹಾಲ್ ದಾಟಿದರು. ಅಷ್ಟು ಖಾಲಿ ಜಾಗವಿದ್ದರೂ ಗೋಡೆಗೆ ಒತ್ತಿಕೊಂಡು, ಸುತ್ತು ಹಾಕಿ. ನಾನು ನಗಲಿಲ್ಲ.

ಯಾವ ಬೋಲ್ಟ್ ಮೊದಲು, ಯಾವುದು ಆಮೇಲೆ ಎಂದು ಹೇಳುವವನಿಲ್ಲ.